ಒಂದು ಕಾಫಿ, ಎರಡು ಲೋಟ

ನಮ್ಮ ಹಿರಿಯರ ಕಾಲದಲ್ಲಿ ಹೋಟೆಲಿಗೆ ಹೋಗುವುದೆಂದರೆ ಅಷ್ಟೇನೂ ಗೌರವದ ಸಂಗತಿಯಾಗಿರಲಿಲ್ಲ. ಪರಸ್ಥಳದಿಂದ ಕಚೇರಿಯ ಕೆಲಸಕ್ಕೆ ಬಂದವನು, ವಾರಾನ್ನ ದೊರೆಯದ ವಿದ್ಯಾರ್ಥಿ, ಹೆಂಡತಿಯನ್ನು ತೌರಿಗೆ ಕಳುಹಿಸಿದ ಗುಮಾಸ್ತ, ಇಂತಹವರ ಪಾಲಿಗೆ ಹೋಟೆಲು ಒಂದು ಆಪದ್ಧರ್ಮ. ಮನೆಯಲ್ಲಿ ಒಲೆ ಉರಿಯುತ್ತಿರುವಾಗಲೇ ಹೊರಗೆ ಹೋಗಿ ತಿಂದು ಬಂದವನನ್ನು ಅಜ್ಜಿಯಂದಿರು ಅನುಮಾನದಿಂದ ನೋಡುತ್ತಿದ್ದರು. “ಯಾಕಪ್ಪಾ, ಮನೆಯ ಅನ್ನಕ್ಕೆ ಏನು ಬಂದಿತ್ತು?” ಎಂದು ಕೇಳುತ್ತಿದ್ದರು. ಈಗ ಆ ಪ್ರಶ್ನೆಯನ್ನು ಕೇಳುವವರಿಲ್ಲ; ಕೇಳಬೇಕಾದ ಅಜ್ಜಿಯೇ ಮೊಮ್ಮಗನ ಜೊತೆ ಆಟೋ ಹತ್ತಿ, ಮಸಾಲೆ ದೋಸೆ ಗರಿಗರಿಯಾಗಿರಲೆಂದು ಮಾಣಿಗೆ ಎಚ್ಚರಿಕೆ ಹೇಳುತ್ತಿರುತ್ತಾಳೆ.

ಆದರೂ ಪ್ರಶ್ನೆ ಸುಳ್ಳಾಗಲಿಲ್ಲ. ಮನೆಯಲ್ಲಿ ಅಡಿಗೆಯುಂಟು, ಡಬ್ಬಿಯಲ್ಲಿ ಕೋಡುಬಳೆಯುಂಟು, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದು ಕಾದಿರುತ್ತದೆ. ಇಷ್ಟೆಲ್ಲ ಇದ್ದೂ ಮನುಷ್ಯನು ಶನಿವಾರ ಸಂಜೆ ಐದು ಗಂಟೆಗೆ ಚಪ್ಪಲಿ ಮೆಟ್ಟಿ, ಒಂದು ಮೈಲಿ ನಡೆದು, ಹೋಟೆಲಿನ ಬಾಗಿಲಲ್ಲಿ ಇನ್ನೊಬ್ಬರು ಎದ್ದಾರೆಯೇ ಎಂದು ಕಾದು ನಿಂತು, ಮನೆಯ ಕಾಫಿಗಿಂತ ಹೆಚ್ಚೇನೂ ಉತ್ತಮವಲ್ಲದ ಕಾಫಿಯನ್ನು ಏಕೆ ಕುಡಿಯುತ್ತಾನೆ? ಹಸಿವಿಗಾಗಿ ಎಂದರೆ ಯಾರೂ ನಂಬುವುದಿಲ್ಲ. ರುಚಿಗಾಗಿ ಎಂದರೆ ಮನೆಯಾಕೆ ನೊಂದುಕೊಳ್ಳುತ್ತಾಳೆ. ಈ ಪ್ರಶ್ನೆಗೆ ಉತ್ತರವನ್ನು ನಾನು ಗೆಳೆಯರ ಜೊತೆ ಕುಳಿತ ಮೇಜಿನ ಮೇಲೆಯೇ ಹುಡುಕಬೇಕಾಯಿತು.

ನಾವು ನಾಲ್ವರು. ವಿಶ್ವವಿದ್ಯಾನಿಲಯದಲ್ಲಿ ಓದುವಾಗ ವಿದ್ಯಾರ್ಥಿನಿಲಯದ ಒಂದೇ ಸಾಲಿನ ಕೊಠಡಿಗಳಲ್ಲಿದ್ದವರು. ಈಗ ಒಬ್ಬ ಬ್ಯಾಂಕಿನಲ್ಲಿ ಅಧಿಕಾರಿ, ಒಬ್ಬ ವಕೀಲ, ಒಬ್ಬ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ನಾಲ್ಕನೆಯವನು ನಾನು. ಅತಿಥಿ ಉಪನ್ಯಾಸಕನೆಂದರೆ ಏನೆಂದು ವಾಚಕರಲ್ಲಿ ಅನೇಕರಿಗೆ ಗೊತ್ತು. ಅತಿಥಿಯೆಂದು ಕರೆದು, ಎಲೆ ಹಾಕಿ ಕೂರಿಸಿದ್ದಾರೆ; ಬಡಿಸುವುದು ಮಾತ್ರ ಮೂರು ನಾಲ್ಕು ತಿಂಗಳಿಗೊಮ್ಮೆ. ನಮ್ಮ ನಾಲ್ವರಲ್ಲಿ ಹೆಚ್ಚು ಓದಿದವನು ಅವನೇ. ಹಳಗನ್ನಡದ ಒಂದು ಪದ್ಯಕ್ಕೆ ಅರ್ಥ ತೊಡಕಾದರೆ ನಾನು ಈಗಲೂ ಅವನಿಗೇ ಫೋನು ಮಾಡುತ್ತೇನೆ.

ಗೆಳೆಯರನ್ನು ಮನೆಗೇ ಕರೆಯಬಹುದಲ್ಲ ಎಂದು ನೀವು ಕೇಳಬಹುದು. ಕರೆಯಬಹುದು, ಕರೆದೂ ಇದ್ದೇವೆ. ಆದರೆ ಮಧ್ಯಮವರ್ಗದ ಮನೆಯಲ್ಲಿ ಗೆಳೆಯನು ಗೆಳೆಯನಾಗಿ ಉಳಿಯುವುದು ಹೊಸ್ತಿಲಿನವರೆಗೆ ಮಾತ್ರ. ಒಳಗೆ ಬಂದೊಡನೆ ಅವನು ನೆಂಟನಾಗುತ್ತಾನೆ. ಕುರ್ಚಿಯ ಮೇಲಿನ ಒಣಬಟ್ಟೆಗಳನ್ನು ಎತ್ತಬೇಕು, ಮಕ್ಕಳು ಪದ್ಯ ಹೇಳಬೇಕು, ಒಳಗಿನಿಂದ ಒಗ್ಗರಣೆಯ ಸದ್ದು ಕೇಳಿಬರಬೇಕು. ಬಂದವನು “ಏನೂ ಬೇಡ, ಈಗಷ್ಟೇ ಆಯಿತು” ಎನ್ನಬೇಕು; ಮನೆಯವರು ಅದನ್ನು ಕಿವಿಗೆ ಹಾಕಿಕೊಳ್ಳಬಾರದು. ಅಲ್ಲದೆ ಮನೆಗೆ ಕರೆದವನ ಮನೆಗೆ ಕರೆಸಿಕೊಂಡವನು ಕರೆಯಬೇಕು. ಒಬ್ಬನ ಮನೆ ದೊಡ್ಡದು, ಒಬ್ಬನದು ಚಿಕ್ಕದು. ಒಬ್ಬನ ಮನೆಯಲ್ಲಿ ಸೋಫಾ ಉಂಟು, ಒಬ್ಬನಲ್ಲಿ ಚಾಪೆ. ಹೋಟೆಲಿನಲ್ಲಿ ಈ ತರತಮಗಳಿಲ್ಲ. ಅಲ್ಲಿ ಕಲ್ಲಿನ ಹಲಗೆಯ ಮೇಜು ಎಲ್ಲರಿಗೂ ಒಂದೇ ಎತ್ತರ. ಚಟ್ನಿ ಎಲ್ಲರಿಗೂ ಒಂದೇ ಖಾರ.

ಈ ವಿಚಾರದಲ್ಲಿ ನನ್ನ ಹೆಂಡತಿಯ ಅಭಿಪ್ರಾಯ ನನ್ನದಕ್ಕಿಂತ ಸ್ಪಷ್ಟವಾಗಿದೆ. ಆಕೆಯೂ ತನ್ನ ಗೆಳತಿಯರೊಡನೆ ತಿಂಗಳಿಗೊಮ್ಮೆ ಹೋಟೆಲಿಗೆ ಹೋಗುತ್ತಾಳೆ. “ಅಲ್ಲಿ ಏನು ವಿಶೇಷ?” ಎಂದು ಒಮ್ಮೆ ಕೇಳಿದೆ. “ವಿಶೇಷ ಏನಿಲ್ಲಾರೀ. ಕಾಫಿ ಬೇರೆ ಯಾರೋ ಮಾಡಿರುತ್ತಾರೆ, ಲೋಟ ಬೇರೆ ಯಾರೋ ತೊಳೆಯುತ್ತಾರೆ, ಅಷ್ಟೆ” ಎಂದಳು. ಹಿಂದೆ ನಮ್ಮ ಊರುಗಳ ಹೋಟೆಲುಗಳಲ್ಲಿ ಹೆಂಗಸರಿಗಾಗಿ ಹಲಗೆಯ ಅಡ್ಡೆಯೋ ಪರದೆಯೋ ಇದ್ದ ಪ್ರತ್ಯೇಕ ಜಾಗವಿರುತ್ತಿತ್ತು. ಅದರ ಮೇಲೆ ‘ಫ್ಯಾಮಿಲಿ ರೂಮ್’ ಎಂದು ಬರೆದಿರುತ್ತಿತ್ತು. ಗಂಡನೋ ಅಣ್ಣನೋ ಜೊತೆಗಿಲ್ಲದೆ ಆ ಪರದೆಯೊಳಗೂ ಹೋಗುವವರು ಅಪರೂಪ. ಇಂದು ನಾಲ್ವರು ಹೆಣ್ಣುಮಕ್ಕಳು ನಡುಮಧ್ಯದ ಮೇಜಿನಲ್ಲಿ ಕುಳಿತು, ಗಟ್ಟಿಯಾಗಿ ನಕ್ಕು, ಎರಡನೆಯ ಸಲ ಕಾಫಿ ತರಿಸುತ್ತಾರೆ. ಪಂಚವಾರ್ಷಿಕ ಯೋಜನೆಗಳ ಲೆಕ್ಕದಲ್ಲಿ ಸೇರದ ಪ್ರಗತಿಗಳಲ್ಲಿ ಇದೂ ಒಂದು.

ಹೋಟೆಲಿನ ಚರಿತ್ರೆಯನ್ನು ನೋಡಿದರೆ ಈ ಸಮಾನತೆ ಮೊದಲಿನಿಂದ ಇದ್ದುದಲ್ಲವೆಂಬುದು ತಿಳಿಯುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಉಡುಪಿ, ಕುಂದಾಪುರಗಳ ಕಡೆಯ ಹುಡುಗರು ಘಟ್ಟ ಹತ್ತಿ ಮೈಸೂರು ಸೀಮೆಗೆ ಬಂದು, ಲೋಟ ತೊಳೆಯುವುದರಿಂದ ಹಿಡಿದು ಗಲ್ಲಾದ ಮೇಲೆ ಕುಳಿತುಕೊಳ್ಳುವವರೆಗೆ ಒಂದೊಂದೇ ಮೆಟ್ಟಿಲು ಹತ್ತಿದರು. ಕರಾವಳಿಯ ಆಡುಮಾತಿನಲ್ಲಿ ಹುಡುಗನಿಗೆ ‘ಮಾಣಿ’ ಎನ್ನುತ್ತಾರೆ. ಹಳಗನ್ನಡದಲ್ಲಿ ಅದು ವಟುವನ್ನು, ಬ್ರಹ್ಮಚಾರಿಯನ್ನು ಸೂಚಿಸುವ ಪದ. ವಾಮನನಿಗೆ ಸಲ್ಲುತ್ತಿದ್ದ ಆ ಹೆಸರು ಇಡ್ಲಿ ತಂದಿಡುವ ಹುಡುಗನಿಗೂ ಸಂದಿತು. ಯೋಚಿಸಿದರೆ ಇದೂ ಉಚಿತವೇ. ಮೂರು ಹೆಜ್ಜೆಯ ನೆಲ ಕೇಳಿ ಬಂದ ಮಾಣಿಯಂತೆಯೇ ಇವರೂ ಮೂರು ಮೇಜಿನ ಜಾಗ ಹಿಡಿದು ಊರನ್ನೆಲ್ಲ ಅಳೆದರು!

ಲಾಲ್‌ಬಾಗಿನ ಬಳಿಯ ಎಂ.ಟಿ.ಆರ್. 1924ರಲ್ಲಿ ಆರಂಭವಾದಾಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ಬು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿನ ಉಪಾಹಾರಗೃಹಗಳ ಚೊಕ್ಕಟವನ್ನು ಕಣ್ಣಾರೆ ಕಂಡು ಬಂದ ಮೇಲೆ ಅದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಹೆಸರಿನಲ್ಲಿ ಜಾತಿ ಹೋಗಿ ಊರು ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವಾದಾಗ ರವೆಯಿಂದ ಇಡ್ಲಿ ಮಾಡಿದವರು ತಾವೇ ಎಂದು ಅಲ್ಲಿನವರು ಹೇಳಿಕೊಳ್ಳುತ್ತಾರೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಹತ್ತಿರದ ಶಾಲೆಗಳ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ್ದು. ಅಂದಿನ ವಿದ್ಯಾರ್ಥಿಗಳ ಮೊಮ್ಮಕ್ಕಳು ಇಂದು ಅದರ ಮುಂದೆ ಸಾಲು ನಿಲ್ಲುತ್ತಾರೆ. ಒಳಗೆ ಮಾಣಿ ಒಂದೇ ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಗೋಪುರದಂತೆ ಪೇರಿಸಿಕೊಂಡು ಬರುವುದನ್ನು ಕಂಡು ಬೆರಗಾಗುತ್ತಾರೆ.

ಆ ಹಳೆಯ ದಿನಗಳಲ್ಲಿ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆಯ ಕೋಣೆ, ಉಳಿದವರಿಗೆ ಬೇರೆಯ ಜಾಗ. ಇನ್ನು ಕೆಲವರಿಗೆ ಒಳಗೆ ಪ್ರವೇಶವೇ ಇಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯನ್ನು ಓದಿ ನೋಡಿ. ಧರ್ಮ, ಜಾತಿ, ಲಿಂಗ ಮುಂತಾದ ಕಾರಣಗಳಿಂದ ಯಾರನ್ನೂ ತಡೆಯಕೂಡದ ಸ್ಥಳಗಳ ಪಟ್ಟಿಯಲ್ಲಿ ಅಂಗಡಿಯ ಜೊತೆಗೆ ಉಪಾಹಾರಗೃಹವೂ ಹೋಟೆಲೂ ಹೆಸರು ಹಿಡಿದೇ ಬರುತ್ತವೆ. ದೇಶದ ಮೂಲಶಾಸನವನ್ನು ಬರೆಯುತ್ತಿದ್ದ ಹಿರಿಯರಿಗೆ ಕಾಫಿ ಕುಡಿಯುವ ಮೇಜು ಅಷ್ಟು ದೊಡ್ಡ ವಿಷಯವಾಗಿ ಕಂಡಿತೆಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ನಮ್ಮ ವಕೀಲ ಗೆಳೆಯನು ಈ ವಿಧಿಯನ್ನು ಹೋಟೆಲಿನಲ್ಲಿಯೇ, ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸುತ್ತ ನನಗೆ ವಿವರಿಸಿದನು. ಅದಕ್ಕಿಂತ ತಕ್ಕ ತರಗತಿ ಎಲ್ಲಿದ್ದೀತು! ಎದುರಿನ ಖಾಲಿ ಕುರ್ಚಿಗೆ ಬಂದು ಕುಳಿತ ಅಪರಿಚಿತನ ಕುಲಗೋತ್ರ ನಮಗೆ ತಿಳಿಯದು, ಬೇಕಾಗಿಯೂ ಇಲ್ಲ. “ಸ್ವಲ್ಪ ಆ ನೀರಿನ ಜಗ್ಗು ಈ ಕಡೆ ತಳ್ಳಿ” ಎನ್ನುತ್ತಾನೆ, ತಳ್ಳುತ್ತೇವೆ. ಅಷ್ಟರಲ್ಲಿಯೇ ಸಂವಿಧಾನದ ಒಂದು ವಿಧಿ ಜಾರಿಗೆ ಬಂದಿರುತ್ತದೆ.

ಇನ್ನು ಮೇಜಿನ ಸುತ್ತ ಕುಳಿತ ಗೆಳೆಯರ ವಿಚಾರ. ಮನುಷ್ಯನ ಸ್ವಭಾವವನ್ನು ತಿಳಿಯಬೇಕಾದರೆ ಅವನ ಜಾತಕ ನೋಡಬೇಕಾಗಿಲ್ಲ, ತಿಂಡಿ ಹೇಳುವ ರೀತಿ ನೋಡಿದರೆ ಸಾಕು. ನಮ್ಮ ಬ್ಯಾಂಕಿನವನು ಕುಳಿತುಕೊಳ್ಳುವ ಮೊದಲೇ ಗೋಡೆಯ ಮೇಲಿನ ದರಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಕಳೆದ ತಿಂಗಳಿಗೂ ಈ ತಿಂಗಳಿಗೂ ಇರುವ ವ್ಯತ್ಯಾಸವನ್ನು ನಮಗೆ ವರದಿಮಾಡುತ್ತಾನೆ. ವಕೀಲನು ಮಾಣಿಯನ್ನು ಪಾಟೀಸವಾಲಿಗೆ ಗುರಿಪಡಿಸುತ್ತಾನೆ. “ಬಿಸಿ ಏನಿದೆ?” ಎಂದು ಮೊದಲ ಪ್ರಶ್ನೆ. ಮಾಣಿ ಒಂದೇ ಉಸಿರಿನಲ್ಲಿ, “ಇಡ್ಲಿ, ವಡೆ, ಖಾಲಿ, ಮಸಾಲೆ, ಸೆಟ್ಟು, ರವೆ ಇಡ್ಲಿ, ಪೂರಿ ಸಾಗು, ಚೌಚೌ ಬಾತು” ಎಂದು ಸಹಸ್ರನಾಮದಂತೆ ಒಪ್ಪಿಸುತ್ತಾನೆ. “ವಡೆ ಯಾವಾಗ ಕರಿದದ್ದು?” “ಈಗ ಸಾರ್.” “ಈಗ ಎಂದರೆ?” ಇಷ್ಟೆಲ್ಲ ವಿಚಾರಣೆಯಾದ ಮೇಲೆ ಆತನು ತರಿಸುವುದು ಪ್ರತಿ ವಾರವೂ ಅದೇ ಒಂದು ಪ್ಲೇಟು ಇಡ್ಲಿ. ಅತಿಥಿ ಉಪನ್ಯಾಸಕನು ಮಾತ್ರ “ನೀವು ಏನು ಹೇಳುತ್ತೀರೋ ಅದೇ” ಎನ್ನುತ್ತಾನೆ. ನನ್ನ ಸ್ವಭಾವವನ್ನು ನಾನೇ ಹೇಳಿಕೊಳ್ಳುವುದು ಸರಿಯಲ್ಲ. ಉಳಿದ ಮೂವರ ಪ್ರಕಾರ ನಾನು ನನ್ನ ತಟ್ಟೆಯದಕ್ಕಿಂತ ಪಕ್ಕದ ತಟ್ಟೆಯ ಚಟ್ನಿಯನ್ನು ಹೆಚ್ಚು ಇಷ್ಟಪಡುತ್ತೇನಂತೆ.

ತಿಂಡಿ ಮುಗಿದ ಮೇಲೆ ಬರುತ್ತದೆ ಆ ಮಹಾಮಂತ್ರ: “ಎರಡು ಕಾಫಿ, ಬೈ-ಟು.” ಕನ್ನಡ ಎಂ.ಎ. ಓದಿದವನಿಗೆ ಈ ಪದದ ಮುಂದೆ ಸ್ವಲ್ಪ ತಡೆದು ನಿಲ್ಲಬೇಕೆನಿಸುತ್ತದೆ. ಇದು ಯಾವ ಸಮಾಸ? ಪೂರ್ವಪದವು ಸಂಖ್ಯಾವಾಚಕವಾಗಿದ್ದರೆ ದ್ವಿಗು ಎನ್ನಬಹುದಿತ್ತು. ಇಲ್ಲಿ ಸಂಖ್ಯೆ ಹೋಗಿ ಉತ್ತರಪದದಲ್ಲಿ ಕುಳಿತಿದೆ. ಕನ್ನಡಕ್ಕೆ ಸಂಸ್ಕೃತವನ್ನು ಅಡ್ಡಾದಿಡ್ಡಿ ಬೆಸೆದರೆ ಅರಿಸಮಾಸವೆಂದು ಕೇಶಿರಾಜನು 13ನೆಯ ಶತಮಾನದಲ್ಲಿಯೇ ಎಚ್ಚರಿಸಿದ್ದಾನೆ. ಎರಡೂ ಪದಗಳು ಇಂಗ್ಲಿಷಾಗಿ, ಅರ್ಥ ಮಾತ್ರ ಅಪ್ಪಟ ಕನ್ನಡವಾದರೆ ಏನು ಮಾಡಬೇಕೆಂದು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವಿಲ್ಲ. ನಮ್ಮ ಅತಿಥಿ ಉಪನ್ಯಾಸಕನು ಇದಕ್ಕೆ ‘ಮಿತ್ರಸಮಾಸ’ ಎಂದು ಹೆಸರಿಟ್ಟಿದ್ದಾನೆ. ಅರಿಯೆಂದರೆ ಶತ್ರು, ಶತ್ರುವಿನ ಹೆಸರಿನಲ್ಲಿ ಸಮಾಸವಿರಬಹುದಾದರೆ ಮಿತ್ರನ ಹೆಸರಿನಲ್ಲಿ ಏಕಿರಬಾರದು ಎಂದು ಅವನ ವಾದ. ಇದನ್ನು ನಾನು ತರಗತಿಯಲ್ಲಿ ಹೇಳಿದ ದಿನ ಮಕ್ಕಳು ಆ ಅಧ್ಯಾಯವನ್ನು ಮರೆಯಲಿಲ್ಲ.

ಬೈ-ಟುವಿನ ಗಣಿತವೂ ಶಾಲೆಯ ಗಣಿತವಲ್ಲ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿದರೆ ಎರಡು ಅರ್ಧಗಳಾಗಬೇಕು. ಹೋಟೆಲಿನಲ್ಲಿ ಹಾಗಾಗುವುದಿಲ್ಲ. ಒಂದೊಂದು ಲೋಟದಲ್ಲಿಯೂ ಅರ್ಧಕ್ಕಿಂತ ಒಂದು ಗುಟುಕು ಹೆಚ್ಚೇ ಇರುತ್ತದೆ. ಡಿಕಾಕ್ಷನ್ ಹಾಕುವವನು ನೊರೆಯ ಮರೆಯಲ್ಲಿ ಆ ಗುಟುಕನ್ನು ಧರ್ಮಾರ್ಥವಾಗಿ ಸೇರಿಸಿರುತ್ತಾನೆ. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು; ಚಿಕ್ಕಮಗಳೂರು, ಕೊಡಗು, ಹಾಸನಗಳ ಗುಡ್ಡಗಳಲ್ಲಿ ಬೆಳೆದದ್ದು. ಇಷ್ಟು ಕಾಫಿ ಬೆಳೆಯುವ ನಾಡಿನವರು ಅದನ್ನು ಅರ್ಧರ್ಧ ಕುಡಿಯುವುದೇಕೆ ಎಂದು ಹೊರಗಿನವರು ನಗಬಹುದು. ಅವರಿಗೆ ತಿಳಿಯದ ಗುಟ್ಟೊಂದುಂಟು. ಪೂರ್ತಿ ಲೋಟವನ್ನು ಒಬ್ಬನೇ ಕುಡಿದರೆ ಅದು ಪಾನೀಯ. ಅದನ್ನೇ ಇಬ್ಬರು ಹಂಚಿಕೊಂಡರೆ, ಇನ್ನೂ ಹತ್ತು ನಿಮಿಷ ಕುಳಿತಿರಲು ದೊರೆತ ರಹದಾರಿ. ಆ ಹತ್ತು ನಿಮಿಷ ಸಾಲದಾದರೆ ಮತ್ತೊಂದು ಬೈ-ಟು ಹೇಳಬಹುದು. ಹೊಟ್ಟೆಗೂ ಭಾರವಿಲ್ಲ, ಜೇಬಿಗೂ ಭಾರವಿಲ್ಲ.

ಕುಳಿತಿರಲು ಎಂದೆ. ಈ ಕುಳಿತುಕೊಳ್ಳುವ ಸುಖ ಇಂದು ಕಡಮೆಯಾಗುತ್ತ ಬಂದಿದೆ. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಮೊದಲ ದರ್ಶಿನಿ ಆರಂಭವಾಯಿತು. ಗಲ್ಲಾದಲ್ಲಿ ಹಣ ಕೊಟ್ಟು ಚೀಟಿ ತೆಗೆದುಕೊಳ್ಳುವುದು, ಅಡಿಗೆಯವನ ಮುಂದೆ ನಿಂತು ತಟ್ಟೆ ಪಡೆಯುವುದು, ಎದೆಯೆತ್ತರದ ಕಟ್ಟೆಯ ಮುಂದೆ ನಿಂತೇ ತಿಂದು ಹೋಗುವುದು. ಮಾಣಿಯ ಕೂಲಿ ಉಳಿಯಿತು, ಜಾಗದ ಬಾಡಿಗೆ ಉಳಿಯಿತು, ಬೆಲೆ ಇಳಿಯಿತು. ಅಡಿಗೆಮನೆ ಎಲ್ಲರ ಕಣ್ಣೆದುರಿಗೆ ಬಂದುದರಿಂದ ಚೊಕ್ಕಟವೂ ಹೆಚ್ಚಿತು. ಕೆಲಸಕ್ಕೆ ಓಡುವ ಲಕ್ಷಾಂತರ ಜನರಿಗೆ ದರ್ಶಿನಿ ಮಾಡಿರುವ ಉಪಕಾರವನ್ನು ಅಲ್ಲಗಳೆಯುವವನು ನಾನಲ್ಲ. ಶಂಕರಪುರದಲ್ಲಿ 1965ರಿಂದ ಇರುವ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಕೂಡ ಜನ ರಸ್ತೆಯ ಬದಿಯಲ್ಲಿ ನಿಂತೇ, ಸಾಂಬಾರಿಲ್ಲದೆ ಬರಿಯ ಚಟ್ನಿಯಲ್ಲಿ ಇಡ್ಲಿಯನ್ನು ಅದ್ದಿ ತಿನ್ನುತ್ತಾರೆ, ಯಾರೂ ಗೊಣಗುವುದಿಲ್ಲ. ಆದರೆ ನಿಂತವನ ಮಾತು ನಿಂತ ಮಾತೇ. ಕಾಲು ನೋಯುವಷ್ಟರಲ್ಲಿ ಮುಗಿಯಬೇಕು. ಕ್ರಿಕೆಟ್ಟು, ರಾಜಕೀಯ, ಮಳೆ ಇವನ್ನು ನಿಂತು ಮಾತನಾಡಬಹುದು. “ಅಪ್ಪನಿಗೆ ಇತ್ತೀಚೆಗೆ ನನ್ನ ಗುರುತು ಹತ್ತುವುದಿಲ್ಲ ಕಣೋ” ಎಂಬ ಮಾತು ಹೊರಡಬೇಕಾದರೆ ಕುರ್ಚಿ ಬೇಕು, ಎರಡನೆಯ ಬೈ-ಟು ಬೇಕು.

ಈ ಬೆಲೆಯನ್ನು ಅರಿತಿದ್ದವರು ಕಾಫಿ ಹೌಸಿನವರು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಅಲ್ಲಿನ ನೌಕರರು ತಾವೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಮಹಾತ್ಮಾ ಗಾಂಧಿ ರಸ್ತೆಯ ಕಾಫಿ ಹೌಸಿನಲ್ಲಿ ಪೇಟ ಕಟ್ಟಿದ ನೌಕರರು, ಒಂದೇ ಕಾಫಿಯ ಮುಂದೆ ಗಂಟೆಗಟ್ಟಲೆ ಕುಳಿತು ಲೋಕವನ್ನು ತಿದ್ದುತ್ತಿದ್ದ ಪತ್ರಕರ್ತರನ್ನೂ ನಿವೃತ್ತರನ್ನೂ ವಿದ್ಯಾರ್ಥಿಗಳನ್ನೂ ಏಳಿಸುತ್ತಿರಲಿಲ್ಲ. 2009ರಲ್ಲಿ ಅದು ಆ ರಸ್ತೆಯನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಅಂದು ಮುಚ್ಚಿದ ಬಾಗಿಲಿನ ಮುಂದೆ ಹಿರಿಯರು ಕಣ್ಣೊರೆಸಿಕೊಂಡರೆಂದರೆ ಅದು ಕಾಫಿಯ ರುಚಿಗಾಗಿ ಇರಲಾರದು.

ಎಲ್ಲ ಸುಖಕ್ಕೂ ಕೊನೆಯಲ್ಲಿ ಒಂದು ಬಿಲ್ಲು ಬರುತ್ತದೆ. ಮಹಾಭಾರತದಲ್ಲಿ ಬಿಲ್ಲಿನ ಯುದ್ಧ ಹದಿನೆಂಟೇ ದಿನ ನಡೆಯಿತು. ಗೆಳೆಯರ ನಡುವಿನ ಬಿಲ್ಲಿನ ಯುದ್ಧ ವಾರ ವಾರವೂ ನಡೆಯುತ್ತದೆ. ಇದರಲ್ಲಿ ನಾನಾ ತಂತ್ರಗಳುಂಟು. ಕೈ ತೊಳೆಯಲು ಹೋಗುವ ನೆಪದಲ್ಲಿ ಗಲ್ಲಾಕ್ಕೆ ಹೋಗಿ ಹಣ ಕೊಟ್ಟುಬರುವುದು ಒಂದು. ಮಾಣಿಗೆ ಮೊದಲೇ ಕಣ್ಸನ್ನೆ ಮಾಡಿರುವುದು ಇನ್ನೊಂದು. ಎದುರಾಳಿಯ ಮುಂಗೈಯನ್ನು ಹಿಡಿದು, ಗಲ್ಲಾದವನಿಗೆ “ಅವರ ದುಡ್ಡು ತಗೋಬೇಡಿ” ಎಂದು ಕೂಗುವುದು ನೇರ ಯುದ್ಧ. ಸರಿಯಾಗಿ ಆ ಹೊತ್ತಿಗೆ ಚಪ್ಪಲಿಯ ಉಂಗುಷ್ಠವನ್ನು ಸರಿಪಡಿಸಿಕೊಳ್ಳಲು ಬಗ್ಗುವುದು ಸಂಧಿಯ ಮಾರ್ಗ. ಅದನ್ನು ಹಿಡಿದವರು ಎಲ್ಲ ಗುಂಪಿನಲ್ಲಿಯೂ ಒಬ್ಬರಿರುತ್ತಾರೆ. 2016ರಲ್ಲಿ ಯುಪಿಐ ಬಂದ ಮೇಲೆ ಈ ಯುದ್ಧದ ವೈಭವ ಇಳಿಯಿತು. ಮೊಬೈಲನ್ನು ಚೌಕದ ಚಿತ್ರಕ್ಕೆ ಹಿಡಿದು ಒಬ್ಬನು ಹಣ ಕೊಟ್ಟರೆ, ಉಳಿದವರು ತಲೆಗಿಷ್ಟೆಂದು ಭಾಗಿಸಿ, ಎದ್ದುಹೋಗುವ ಮೊದಲೇ ಪೈಸೆ ಸಹಿತ ಕಳುಹಿಸಿಬಿಡುತ್ತಾರೆ. ನ್ಯಾಯವಾದ ಏರ್ಪಾಡು. ಯಾರ ಋಣವೂ ಯಾರ ಮೇಲೂ ಉಳಿಯುವುದಿಲ್ಲ. ಆದರೆ ಸ್ನೇಹಕ್ಕೆ ಸ್ವಲ್ಪ ಋಣ ಉಳಿದಿರಬೇಕೆಂದು ನನ್ನ ನಂಬಿಕೆ. “ಹೋದ ವಾರ ನೀನು ಕೊಟ್ಟೆ, ಈ ವಾರ ನಾನು” ಎಂಬ ಬಾಕಿಯೇ ಮುಂದಿನ ಶನಿವಾರಕ್ಕೆ ಆಮಂತ್ರಣ ಪತ್ರಿಕೆ.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವುಂಟು. ಒಂದೆರಡು ವರ್ಷಗಳ ಹಿಂದೆ ನಮ್ಮ ಬ್ಯಾಂಕಿನವನಿಗೆ ಬಡ್ತಿ ಬಂದಿತು. ಆ ಸಂತೋಷಕ್ಕೆ ಅವನು ನಮ್ಮನ್ನು ತಂಪುಗಾಳಿಯ ಯಂತ್ರವಿರುವ ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದನು. ಮೆತ್ತನೆಯ ಆಸನ, ಮಂದವಾದ ದೀಪ, ಬಟ್ಟೆಯ ಕರವಸ್ತ್ರ. ವಕೀಲನಿಗೆ ಆ ಆಸನ ಬಹಳ ಹಿಡಿಸಿತು. ಮುಂದಿನ ಶನಿವಾರವೂ ಅಲ್ಲಿಗೇ ಹೋಗುವುದೆಂದಾಯಿತು, ಅದರ ಮುಂದಿನದೂ. ಅಲ್ಲಿ ಬೈ-ಟು ಇಲ್ಲ. ಕೇಳಿದರೆ ನಗುಮುಖದಿಂದಲೇ ಎರಡು ಪೂರ್ತಿ ಕಾಫಿ ತಂದಿಡುತ್ತಾರೆ. ಬಿಲ್ಲನ್ನು ತೊಗಲಿನ ಹೊದಿಕೆಯಲ್ಲಿ ಮುಚ್ಚಿ ತರುತ್ತಾರೆ. ಸರದಿ ಬಂದವನು ಅದನ್ನು ತೆರೆದು ನೋಡಿ, ಮುಖದಲ್ಲಿ ಏನನ್ನೂ ತೋರದಂತೆ ಮುಚ್ಚಬೇಕು.

ಮೂರು ಸರದಿಗಳಾದವು. ನಾಲ್ಕನೆಯ ಶನಿವಾರ ಅತಿಥಿ ಉಪನ್ಯಾಸಕನು ಬರಲಿಲ್ಲ. ಏಕಾದಶಿ, ಉಪವಾಸವೆಂದು ತಿಳಿಸಿದನು. ಮುಂದಿನ ವಾರ ಹೊಟ್ಟೆ ಸರಿಯಿಲ್ಲವೆಂದನು. ಅದರ ಮುಂದಿನ ವಾರ ಮತ್ತೆ ಏಕಾದಶಿ; ಅದಕ್ಕೂ ಮುಂದಿನ ವಾರ ಅವನ ಮನೆಯ ಕಡೆ ಏಕಾದಶಿಯನ್ನು ಒಂದು ದಿನ ತಡವಾಗಿ ಆಚರಿಸುತ್ತಾರಂತೆ! ದರಪಟ್ಟಿಯನ್ನು ಓದಿ ಅಭ್ಯಾಸವಾದ ಬ್ಯಾಂಕಿನವನ ಕಣ್ಣಿಗೇ ಇದು ಮೊದಲು ಬಿದ್ದಿತು. ಮೆತ್ತನೆಯ ಆಸನದಲ್ಲಿ ಕುಳಿತು ಅವನು ಮೆಲ್ಲನೆ ಹೇಳಿದನು: “ಪಂಚಾಂಗದಲ್ಲಿ ತಿಂಗಳಿಗೆ ಎರಡೇ ಏಕಾದಶಿ. ನಮ್ಮವನಿಗೆ ಮೂರಾಗಿವೆ. ಅವನ ಕಾಲೇಜಿನವರು ದುಡ್ಡು ಕೊಟ್ಟು ಎಷ್ಟು ದಿನವಾಯಿತೋ?” ನಮ್ಮಲ್ಲಿ ಯಾರೂ ಉತ್ತರ ಹೇಳಲಿಲ್ಲ. ಅಂದಿನ ಕಾಫಿ ತಣ್ಣಗಾಯಿತು.

ವಕೀಲನು, “ಇಷ್ಟೇ ತಾನೆ? ಅವನ ಪಾಲನ್ನು ನಾವು ಮೂವರು ಹಾಕಿಕೊಂಡರಾಯಿತು” ಎಂದನು. ಬ್ಯಾಂಕಿನವನು ತಲೆಯಾಡಿಸಿದನು. “ಹಾಗೆ ಮಾಡಿದರೆ ಅವನು ಎಂದೂ ಬರುವುದಿಲ್ಲ. ಸಾಲ ಕೊಟ್ಟು ಕೊಟ್ಟು ನನಗೆ ಜನರ ಮುಖ ಗೊತ್ತು ಕಣೋ” ಎಂದನು. ಮಾರನೆಯ ದಿನ ಅವನಿಂದ ನಮ್ಮೆಲ್ಲರಿಗೂ ಒಂದು ಸಂದೇಶ ಬಂದಿತು. ಡಾಕ್ಟರು ಅವನ ರಕ್ತ ಪರೀಕ್ಷೆ ಮಾಡಿ, ಇನ್ನು ಮೇಲೆ ಅರ್ಧ ಲೋಟಕ್ಕಿಂತ ಹೆಚ್ಚು ಕಾಫಿ ಕೂಡದು, ಎಣ್ಣೆಯ ಪದಾರ್ಥ ಕೂಡದು, ತಂಪುಗಾಳಿಯಲ್ಲಂತೂ ಕೂರಲೇಕೂಡದು ಎಂದು ಕಟ್ಟಪ್ಪಣೆ ಮಾಡಿದ್ದಾರಂತೆ; ಆದಕಾರಣ ಬರುವ ಶನಿವಾರದಿಂದ ಹಳೆಯ ಹೋಟೆಲಿಗೇ ಹೋಗಬೇಕಾಗಿದೆ; ಗೆಳೆಯರು ತನ್ನ ಸಲುವಾಗಿ ಈ ತೊಂದರೆಯನ್ನು ಸಹಿಸಬೇಕು. ಆ ಸಂದೇಶವನ್ನು ನಾನು ಎರಡು ಸಲ ಓದಿದೆ. ಎಂ.ಎ. ತರಗತಿಯಲ್ಲಿ ವಕ್ರೋಕ್ತಿಯ ಬಗ್ಗೆ ಒಂದು ವರ್ಷ ಕೇಳಿದ್ದರೂ ಇಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿರಲಿಲ್ಲ.

ಶನಿವಾರ ಐದು ಗಂಟೆಗೆ ಅತಿಥಿ ಉಪನ್ಯಾಸಕನು ನಮಗಿಂತ ಮೊದಲೇ ಬಂದು, ಕಿಟಕಿಯ ಪಕ್ಕದ ಮೇಜನ್ನು ಹಿಡಿದು ಕುಳಿತಿದ್ದನು. ಮಾಣಿ, “ಏನ್ಸಾರ್, ಬಹಳ ದಿನ ಆಯ್ತು” ಎಂದನು. “ಇವನ ಆರೋಗ್ಯ ಸರಿಯಿರಲಿಲ್ಲಪ್ಪ” ಎಂದು ಅತಿಥಿ ಉಪನ್ಯಾಸಕನು ಬ್ಯಾಂಕಿನವನನ್ನು ತೋರಿಸಿದನು. ಎರಡು ಬೈ-ಟು ಬಂದವು. ಒಂದು ಏಕಾದಶಿ, ಒಂದು ಡಾಕ್ಟರ ಅಪ್ಪಣೆ, ಎರಡೂ ಎದುರುಬದುರಾಗಿ ಕುಳಿತು ಕಾಫಿ ಕುಡಿದವು. ಯಾರ ಮಾನವೂ ಹೋಗಲಿಲ್ಲ.

ಹೀಗೆಯೇ ಮೂರು ತಿಂಗಳು ಕಳೆದವು. ಒಂದು ಶನಿವಾರ ಅವನು ಕುಳಿತೊಡನೆ, ನಮ್ಮನ್ನು ಕೇಳದೆಯೇ, “ನಾಲ್ಕು ಮಸಾಲೆ ದೋಸೆ, ನಾಲ್ಕು ಕೇಸರಿಬಾತು, ಆಮೇಲೆ ನಾಲ್ಕು ಕಾಫಿ, ಪೂರ್ತಿ” ಎಂದು ಹೇಳಿದನು. ಬಾಕಿಯ ಗೌರವಧನವೆಲ್ಲ ಒಟ್ಟಿಗೆ ಬಂದಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವನು ಕುಳಿತ ಭಂಗಿಯೇ ಹೇಳುತ್ತಿತ್ತು. ಪೂರ್ತಿ ಲೋಟವನ್ನು ಬ್ಯಾಂಕಿನವನು ತುಟಿಗೆ ಇಟ್ಟಾಗ, “ನಿನ್ನ ಡಾಕ್ಟರು ಏನನ್ನುತ್ತಾರೋ?” ಎಂದು ಕೇಳಿದನು. ಬ್ಯಾಂಕಿನವನು ಲೋಟವನ್ನು ಇಳಿಸದೆಯೇ, “ಪರವಾಗಿಲ್ಲ, ಇವತ್ತು ಏಕಾದಶಿ ಅಲ್ಲವಲ್ಲ” ಎಂದನು. ಒಂದು ಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ನಕ್ಕ ನಗೆಗೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

ಬಿಲ್ಲು ಬಂದಿತು. ವಕೀಲನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಬ್ಯಾಂಕಿನವನು ಮೇಜಿನ ಕೆಳಗೆ ಅವನ ಕಾಲನ್ನು ತುಳಿದನು. ನಾವು ಯಾರೂ “ನಾನು, ನಾನು” ಎನ್ನಲಿಲ್ಲ. ಅತಿಥಿ ಉಪನ್ಯಾಸಕನು ಎದ್ದು, ನಿಧಾನವಾಗಿ ಗಲ್ಲಾದ ಬಳಿಗೆ ಹೋಗಿ, ನೋಟು ಕೊಟ್ಟು, ಚಿಲ್ಲರೆ ಎಣಿಸಿಕೊಂಡು, ಬಟ್ಟಲಿನಿಂದ ನಾಲ್ಕು ಜನಕ್ಕೂ ಆಗುವಷ್ಟು ಸೋಂಪನ್ನು ಅಂಗೈಯಲ್ಲಿ ತಂದು ಹಂಚಿದನು. ಬಿಲ್ಲಿನ ಯುದ್ಧವನ್ನು ಗೆಲ್ಲುವುದು ಎಲ್ಲರಿಗೂ ಬರುತ್ತದೆ. ಯಾವ ದಿನ ಅದನ್ನು ಸೋಲಬೇಕೆಂದು ತಿಳಿದಿರುವುದು ಗೆಳೆಯನಿಗೆ ಮಾತ್ರ ಸಾಧ್ಯ. ಅವನ ಪಾಲನ್ನು ನಾವೇ ಕೊಟ್ಟು ಸುಧಾರಿಸಿದ್ದರೆ ಅವನು ತಿಂಡಿ ತಿಂದಿರುತ್ತಿದ್ದನು, ನಿಜ. ಆದರೆ ಆ ದಿನ ಗಲ್ಲಾದ ಮುಂದೆ ನಿಂತ ಅವನ ಬೆನ್ನು ಅಷ್ಟು ನೆಟ್ಟಗಿರುತ್ತಿರಲಿಲ್ಲ.

ಮನೆಯ ಅನ್ನಕ್ಕೆ ಏನು ಬಂದಿತ್ತೆಂಬ ಅಜ್ಜಿಯ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ. ಅದಕ್ಕೆ ಏನೂ ಬಂದಿಲ್ಲ. ಮನೆಯಲ್ಲಿ ಹಸಿವೆಗೆ ಅನ್ನವುಂಟು. ಸಂಕೋಚಕ್ಕೆ ಮದ್ದು ಇಲ್ಲ. ಮೂವತ್ತು ದಾಟಿದ ಗಂಡಸರು ತಮ್ಮ ಕಷ್ಟವನ್ನು ಮನೆಯವರ ಮುಂದೆ ಹೇಳಿದರೆ ಅವರು ಹೆದರಿಯಾರೆಂದು ಅಂಜುತ್ತಾರೆ. ಹೊರಗಿನವರ ಮುಂದೆ ಹೇಳಿದರೆ ನಕ್ಕಾರೆಂದು ಅಂಜುತ್ತಾರೆ. ಹೋಟೆಲಿನ ಮೇಜು ಈ ಎರಡಕ್ಕೂ ನಡುವಿನ ಜಾಗ. ಅಲ್ಲಿ ಹೇಳದೆಯೂ ಹೇಳಬಹುದು; ಕೇಳದೆಯೂ ತಿಳಿಯಬಹುದು. ಬಾಡಿಗೆ ಏರಿ, ಕುರ್ಚಿಯಿರುವ ಸಣ್ಣ ಹೋಟೆಲುಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುವಾಗ, ಹೋಗುವುದು ಇಡ್ಲಿ ವಡೆಯಲ್ಲ. ಅವು ಬೇರೆ ಕಡೆ ದೊರೆಯುತ್ತವೆ. ನಿಮ್ಮ ಬೀದಿಯಲ್ಲಿ ಅಂತಹುದೊಂದು ಇನ್ನೂ ಉಳಿದಿದ್ದರೆ, ಬಹಳ ದಿನದಿಂದ ಏಕಾದಶಿ ಮಾಡುತ್ತಿರುವ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಈ ವಾರವೇ ಹೋಗಿಬನ್ನಿ.

ಈ ಪ್ರಬಂಧಕ್ಕೆ ಸಂಪಾದಕರು ಕೊಡುವ ಸಂಭಾವನೆಯ ಮೇಲೆ ನಮ್ಮ ಮೂವರು ಈಗಾಗಲೇ ಕಣ್ಣಿಟ್ಟಿದ್ದಾರೆ. ನಾಲ್ಕು ಮಸಾಲೆ ದೋಸೆಗೆ ಅದು ಸಾಕಾಗುವುದೋ ಇಲ್ಲವೋ ಎಂದು ಬ್ಯಾಂಕಿನವನು ಲೆಕ್ಕ ಹಾಕುತ್ತಿದ್ದಾನೆ. ಎರಡು ಬೈ-ಟುವಿಗಂತೂ ಕೊರತೆಯಾಗದು.